ಐದು ದಿನ ನೀರು ಸೋಕಿಸಬೇಡ

ಹುಲಿಗೆವ್ವ ಎಂದರೆ ಅವರ ನಾಲಿಗೆ ಹೊರಳದು,
ಜೂಲಿ ಎಂದರು. ಬೋರ್ಡಿನಲ್ಲೂ ಅದೇ ಇದೆ.
ಅರಂಬೋಲಿನ ಇಳಿಜಾರಿನಲ್ಲಿ
ಸೆರಾಫಿನಾಬಾಯಿಯ ಹಳೇ ಹಂದಿಗೂಡು,
ಸುಣ್ಣ ಬಳಿದರೆ ಕೋಣೆ,
ಒಂದು ಕುರ್ಚಿ, ಒಂದು ಟ್ಯೂಬ್‌ಲೈಟು;
ಬಾಡಿಗೆ ಮಾತ್ರ ಅರಮನೆಯದು.

ಅಕ್ಟೋಬರಿನಿಂದ ಮಾರ್ಚಿನವರೆಗೆ
ನಾನು ಚುಚ್ಚುವುದು ಹೆಚ್ಚುಕಡಿಮೆ ಒಂದೇ ಮುಖ:
ಮುಖಕ್ಕಿಂತ ದೊಡ್ಡ ಕಣ್ಣು,
ಮೂಗೆಂದರೆ ಒಂದು ಚುಕ್ಕೆ,
ಕೂದಲು ಕಳ್ಳಿಗಿಡ.
ಒಂದೇ ಎಂದರೆ ಸಿಟ್ಟಾಗುತ್ತಾರೆ.
ಇವನು ಬೇರೆ, ಅವನು ಬೇರೆ, ಹುಬ್ಬು ನೋಡು!
ಹುಬ್ಬು ನೋಡುತ್ತೇನೆ.

ಲಿಯೋನಿನ ಹಲ್ಲಿನ ಡಾಕ್ಟರು ಮಾಯ್ಲಿಸ್‌ಗೆ
ಚಿಕ್ಕಂದಿನಲ್ಲಿ ಬುಧವಾರ ಮಧ್ಯಾಹ್ನ ಶಾಲೆ ಇರಲಿಲ್ಲವಂತೆ,
ಟೀವಿ ಇತ್ತು.
ಬುಧವಾರವೆಂದರೆ ಆಕೆಗೆ ಈಗಲೂ ಜಪಾನು.
ಒಹಾಯೋದ ಹುಡುಗನಿಗೆ ಬರುವುದು ಒಂದೇ ಜಪಾನಿ ಮಾತು,
ಅವನ ರಾಜ್ಯದ ಹೆಸರೇ ಅಲ್ಲಿ ಬೆಳಗಿನ ನಮಸ್ಕಾರವಂತೆ;
ಸಂಜೆ ಆರಕ್ಕೆ ಬಂದು ಅದನ್ನೇ ಹೇಳಿದ.
ಜರ್ಮನಿಯ ಅಣ್ಣತಮ್ಮ ನನ್ನೆದುರೇ ಕಿತ್ತಾಡಿದರು,
ಕತ್ತಿ ಯಾವ ಕೈಯಲ್ಲಿರಬೇಕೆಂದು.
ಮೊದಮೊದಲು ಪುಟ ಮಗುಚಿ ಅಚ್ಚು ಹಾಕಿದ್ದರಂತೆ,
ಎಡದಿಂದ ಓದುವವರಿಗೆ ಸುಲಭವಾಗಲೆಂದು;
ಶೂರರೆಲ್ಲ ಎಡಚರಾಗಿಬಿಟ್ಟರು.
ಅಣ್ಣನಿಗೆ ಆ ಎಡಚನೇ ಬೇಕು.
ಅವನನ್ನೇ ಬರೆದೆ. ದುಡ್ಡು ಅಣ್ಣನದು.

ಜಪಾನಿನವರು ಮಾತ್ರ
ಹನ್ನೊಂದು ವರ್ಷದಲ್ಲಿ ಒಬ್ಬರೂ ಬಂದಿಲ್ಲ.

ನಮ್ಮಜ್ಜಿ ಲಕ್ಷ್ಮೇಶ್ವರದ ಸುತ್ತ
ಹಚ್ಚೆಯ ಬುಟ್ಟಿ ಹೊತ್ತವಳು.
ದಾರದಲ್ಲಿ ಬಿಗಿದ ಮೂರು ಸೂಜಿ,
ದೀಪದ ಕಾಡಿಗೆ, ಬಾಣಂತಿಯ ಹಾಲು.
ಅವಳಿಗೂ ಮೂಗು ಬೇಕಿರಲಿಲ್ಲ:
ಐದು ಚುಕ್ಕೆ, ಒಂದು ಕೊಂಡಿ, ಚೇಳು.
'ಇದು ನಮ್ಮ ತವರಿನ ಹಚ್ಚಿ, ನಿನಗೆಲ್ಲಿ ಸಿಕ್ಕಿತು?'
ಎನ್ನುತ್ತಿದ್ದರು ಊರೂರಿನ ಹೆಂಗಸರು.
'ಹೌದವ್ವಾ, ನಿಮ್ಮದ' ಎಂದು
ಸೇರು ಜೋಳ ಅಳೆಸಿಕೊಂಡು ಮುಂದಿನ ಊರಿಗೆ.
'ಸತ್ತಾಗ ಬಂಗಾರ ಬಿಚ್ಚಿಕೋತಾರ,
ಹಚ್ಚಿ ಬಿಚ್ಚಾಕ ಬರಾಂಗಿಲ್ಲ,
ಅದೊಂದ ಸಂಗಾಟ ಬರತೈತಿ.'

ಹಾಗಾದರೆ ಯಮನ ಬಾಗಿಲಲ್ಲಿ
ಈ ಸಾಲು ನೋಡಿ ಚಿತ್ರಗುಪ್ತ
ಕನ್ನಡಕ ಒರೆಸಿಕೊಳ್ಳಬೇಕು:
ಊರು ನೂರು, ತೋಳಿನ ಮೇಲಿನ ಹುಡುಗರೆಲ್ಲ ಒಂದೇ ಊರವರು,
ಹೊತ್ತು ತಂದವರು ಆ ಊರು ಕಂಡವರಲ್ಲ.

ನಿನ್ನೆ ಬಂದವನು ಎತ್ತೋರೆ,
ಟ್ಯುರಿನ್ನಿನ ಟ್ರಾಮ್ ಡ್ರೈವರು, ಐವತ್ತರ ಮೇಲೆ.
ಕಬ್ಬಿಣದ ದೈತ್ಯನ ತಲೆಯೊಳಗೆ ಕೂತು
ಅದನ್ನು ಓಡಿಸುವ ಹುಡುಗ ಬೇಕೆಂದ.
ಅಪ್ಪ ಕಾರ್ಖಾನೆಯಲ್ಲಿ, ಅಮ್ಮ ಬೇರೆಯವರ ಮನೆಯಲ್ಲಿ,
ಬ್ರೆಡ್ಡಿಗೆ ಜಾಮು ಹಚ್ಚಿಕೊಂಡು
ತಾನೊಬ್ಬನೇ ಟೀವಿ ಮುಂದೆ.
ಆ ಹುಡುಗ ನಮ್ಮ ಬೀದಿಯವನೇ ಅಂದುಕೊಂಡಿದ್ದೆ ಜೂಲಿ,
ನಮ್ಮ ಮಾತಿನಲ್ಲೇ ಬೈಯುತ್ತಿದ್ದ.
ಒಂಬತ್ತು ತುಂಬಿದಾಗ ಒಂದು ದಿನ
ಕೊನೆಯಲ್ಲಿ ಓಡುವ ಅಕ್ಷರ ನೋಡಿದೆ,
ಓದಲಾಗಲಿಲ್ಲ.
ನೀನು ನಮ್ಮ ಮಗನಲ್ಲ, ದತ್ತು ತಂದದ್ದು
ಎಂದು ಯಾರೋ ಹೇಳಿದ ಹಾಗಾಯಿತು.
ಆಮೇಲೆ? ಎಂದೆ.
ಆಮೇಲೇನು, ಮರುದಿನ ನಾಲ್ಕಕ್ಕೆ ಮತ್ತೆ ಹಾಕಿದೆ.

ಸೂಜಿ ಮೂರು ಗಂಟೆ ಗುಂಯ್‌ಗುಟ್ಟಿತು.
ಕರೆಂಟು ಹೋಯಿತು, ಬಂತು.
ಹೊಸ ಹಚ್ಚೆ ನೀರೂರುತ್ತದಲ್ಲ,
ಆ ದೊಡ್ಡ ಕಣ್ಣು ತಾನಾಗಿ ತುಂಬಿಕೊಂಡಿತು,
ಒರೆಸಿದೆ, ಮತ್ತೆ ತುಂಬಿತು.
ಅವನು ನನ್ನ ಮಣಿಕಟ್ಟಿನ ಹಸಿರು ಚೇಳು ನೋಡಿ
ಇದು ಯಾವ ಕತೆಯದು, ಎಷ್ಟು ಕಂತು? ಎಂದ.
ಅಜ್ಜಿ, ಅವಳಮ್ಮ, ಅವಳಮ್ಮ ಎಂದು ಎಣಿಸಲು ಹೋಗಿ
ನಾಲ್ಕರ ಆಚೆ ಹೆಸರು ಹೊಳೆಯಲಿಲ್ಲ.
ಎರಡೂವರೆ ಸಾವಿರ, ಎಂದೆ.
ಐದು ದಿನ ನೀರು ಸೋಕಿಸಬೇಡ.

ಬಾಗಿಲು ಹಾಕಿ ಹೊರಟಾಗ ನೋಡುತ್ತೇನೆ,
ಮುದುಕ ಸಮುದ್ರದಲ್ಲಿದ್ದಾನೆ,
ಎದೆಮಟ್ಟ ಅಲೆ,
ಬಲದ ತೋಳೊಂದನ್ನು ಮೇಲೆತ್ತಿ,
ತುಂಬಿದ ಹಳ್ಳ ದಾಟುವವರು
ಕೂಸು ತೋಯದಂತೆ ಎತ್ತಿ ಹಿಡಿಯುತ್ತಾರಲ್ಲ,
ಹಾಗೆ.